ಬೇಸ್‌ಬಾಲ್ ಆಫೀಸಿನ ಬಾಗಿಲಲ್ಲಿ ತೊಂಬತ್ತು ದಿನ

2025ರ ಅಕ್ಟೋಬರ್‌ನಲ್ಲಿ ಒಂದು ಭಾನುವಾರ ರಾತ್ರಿ ಫೋನ್ ಬಂತು. ಪರಿಚಯದವರ ಮಗಳು, ಮೈಸೂರಿನವಳು. ಇಲ್ಲೇ ಅಮೆರಿಕದಲ್ಲಿ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎಂ.ಎಸ್. ಮಾಡುತ್ತಿದ್ದಾಳೆ. ಬರುವ ಮೇ ತಿಂಗಳಿಗೆ ಓದು ಮುಗಿಯುತ್ತದೆ. ಊಟ ಆಯ್ತಾ, ಚಳಿ ಶುರುವಾಯ್ತಾ ಅಂತೆಲ್ಲ ಮಾತಾಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಣ್ಣಾ, ನನಗೆ ಬೇಸ್‌ಬಾಲ್ ಟೀಮಿನ ಫ್ರಂಟ್ ಆಫೀಸಿನಲ್ಲಿ ಕೆಲಸ ಮಾಡಬೇಕು ಅಂತ ಆಸೆ. ನೀವು ಒಂದು ಸಲ ಟ್ರೈ ಮಾಡಿದ್ರಂತೆ, ಅಲ್ವಾ?"

ಮಾಡಿದ್ದೆ. ಮೈದಾನದ ಆಚೆ ಕೂತು ಟೀಮ್ ನಡೆಸುವ ಆ ಕಚೇರಿ ಸೇರೋಕೆ. ಅದಾಗಿ ಹತ್ತು ವರ್ಷ ಆಗುತ್ತಾ ಬಂತು. ಅವಳಿಗೆ ನಾನು ಎಲ್ಲರಿಗೂ ಕೊಡುವ ಉತ್ತರವನ್ನೇ ಕೊಟ್ಟೆ. ಡೇಟಾ ಕೆಲಸಕ್ಕೆ ಬೇಕಾದ ಆರ್, ಪೈಥಾನ್ ಭಾಷೆಗಳನ್ನು ಚೆನ್ನಾಗಿ ಕಲಿ. ಎಸ್‌ಕ್ಯೂಎಲ್ ಬಿಡಬೇಡ. ಬೇಸ್‌ಬಾಲ್ ಸವಾಂಟ್ ಅನ್ನುವ ವೆಬ್‌ಸೈಟಿನಲ್ಲಿ ಒಂದೊಂದು ಎಸೆತದ ಡೇಟಾನೂ ಪುಕ್ಕಟೆ ಸಿಗುತ್ತದೆ, ಅದನ್ನಿಟ್ಟುಕೊಂಡು ಏನಾದರೂ ಹುಡುಕಿ ಬರೆದು ಹಾಕು. ಫ್ಯಾನ್‌ಗ್ರಾಫ್ಸ್ ವೆಬ್‌ಸೈಟಿನಲ್ಲಿ ಟೀಮುಗಳು ಕೆಲಸಕ್ಕೆ ಕರೆಯುವುದು ಬರುತ್ತಿರುತ್ತದೆ, ನೋಡ್ತಾ ಇರು. ಅವಳು ಎಲ್ಲ ಬರೆದುಕೊಂಡಳು, ಥ್ಯಾಂಕ್ಸ್ ಅಂದಳು. ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಹೇಳಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲ. ಆದರೆ ನಾನು ಬಾಗಿಲ ತನಕ ಹೋಗಿ ವಾಪಸ್ ಬಂದಿದ್ದಕ್ಕೂ ಪೈಥಾನಿಗೂ ಸಂಬಂಧ ಇಲ್ಲ. ಆ ಕಾರಣವನ್ನು ನಾನು ಇಷ್ಟು ವರ್ಷದಲ್ಲಿ ಯಾರಿಗೂ ನೆಟ್ಟಗೆ ಹೇಳಿಲ್ಲ. ಅವಳಿಗೂ ಹೇಳಲಿಲ್ಲ. ಅದು ಕೊರೆಯುತ್ತಾ ಇದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಎರಡು ಬಣ್ಣದ ಪೆನ್ನು

ನಾನು ಆಟಗಾರ ಅಲ್ಲ. ಶಿವಮೊಗ್ಗದಲ್ಲಿ ಕಾಲೇಜು ಓದುವಾಗ ನೆಹರೂ ಸ್ಟೇಡಿಯಂನಲ್ಲಿ ನಡೆಯುತ್ತಿದ್ದ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರ್ ಬರೆಯುತ್ತಿದ್ದೆ. ಉದ್ದನೆಯ ಪುಸ್ತಕ, ನೀಲಿ ಮತ್ತು ಕೆಂಪು ಪೆನ್ನು, ಒಂದು ಪ್ಲಾಸ್ಟಿಕ್ ಕುರ್ಚಿ. ರನ್ ಬಾರದ ಚೆಂಡಿಗೆ ಒಂದು ಚುಕ್ಕೆ. ಇನ್ನಿಂಗ್ಸ್ ಮುಗಿದ ಮೇಲೆ ಬ್ಯಾಟ್ಸ್‌ಮನ್‌ಗಳ ಕಡೆಯಿಂದ ಕೂಡಿದ ಮೊತ್ತ ಮತ್ತು ಬೌಲರ್‌ಗಳ ಕಡೆಯಿಂದ ಕೂಡಿದ ಮೊತ್ತ ಎಕ್ಸ್‌ಟ್ರಾ ಸೇರಿ ಒಂದೇ ಆಗಬೇಕು. ಅದು ಟ್ಯಾಲಿ ಆದ ಕ್ಷಣ ಸಿಗುವ ಸಮಾಧಾನ ಇದೆಯಲ್ಲ, ಅದನ್ನು ಸ್ಕೋರ್ ಬರೆದವರಿಗೆ ಮಾತ್ರ ಹೇಳಬಹುದು. ಇಡೀ ಮಧ್ಯಾಹ್ನದ ಆಟ ಕೈಯೊಳಗೆ ಬಂದು ಕೂತ ಹಾಗೆ ಇರುತ್ತದೆ.

2014ರ ಆಗಸ್ಟ್‌ನಲ್ಲಿ ಓದೋಕೆ ಅಂತ ಅಮೆರಿಕಕ್ಕೆ ಬಂದೆ. ಮೊದಲ ತಿಂಗಳಲ್ಲೇ ರೂಮ್‌ಮೇಟ್ ಒಂದು ಬೇಸ್‌ಬಾಲ್ ಆಟಕ್ಕೆ ಕರೆದುಕೊಂಡು ಹೋದ. ಆಟ ಒಂದು ಚೂರೂ ಅರ್ಥ ಆಗಲಿಲ್ಲ. ಆದರೆ ಮುಂದಿನ ಸಾಲಿನಲ್ಲಿ ಒಬ್ಬರು ವಯಸ್ಸಾದವರು ತೊಡೆ ಮೇಲೆ ರಟ್ಟಿನ ಕಾರ್ಡ್ ಇಟ್ಟುಕೊಂಡು ಪೆನ್ಸಿಲ್‌ನಲ್ಲಿ ಏನೋ ಬರೆಯುತ್ತಿದ್ದರು. 6-4-3 ಅಂತ. ಕೆಲವು ಕಡೆ ಬರೀ ಒಂದು ಕೆ. ನನಗೆ ತಡೆಯೋಕೆ ಆಗಲಿಲ್ಲ, ಬಗ್ಗಿ ಕೇಳಿದೆ. ಅವರು ಪಕ್ಕಕ್ಕೆ ಕರೆದು ಕೂರಿಸಿಕೊಂಡು ಮೂರು ಇನ್ನಿಂಗ್ಸ್ ಪೂರ್ತಿ ಕಲಿಸಿದರು. 6-4-3 ಅಂದರೆ ಚೆಂಡು ಯಾವ ಯಾವ ಜಾಗದ ಆಟಗಾರರ ಕೈ ದಾಟಿ ಹೋಯಿತು ಅನ್ನುವುದು. ಕೆ ಅಂದರೆ ಸ್ಟ್ರೈಕ್‌ಔಟ್, ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್ ಆಗುವುದು. 'ಸ್ಟ್ರಕ್' ಅನ್ನುವ ಇಂಗ್ಲಿಷ್ ಪದದ ಕೊನೆಯ ಅಕ್ಷರ. ಆ ಗುರುತನ್ನು ತಂದವರು ಹೆನ್ರಿ ಚಾಡ್ವಿಕ್. ಇಂಗ್ಲೆಂಡಿನಲ್ಲಿ ಹುಟ್ಟಿ ಹುಡುಗನಾಗಿದ್ದಾಗಲೇ ಬ್ರೂಕ್ಲಿನ್‌ಗೆ ಬಂದವರು, ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಮಾಡುತ್ತಿದ್ದವರು. ಬೇಸ್‌ಬಾಲಿನ ಬಾಕ್ಸ್ ಸ್ಕೋರ್, ಅಂದರೆ ಪಂದ್ಯದ ಅಂಕಿಗಳ ಪಟ್ಟಿ, ರೂಪಗೊಂಡಿದ್ದು ಅವರ ಕೈಯಲ್ಲಿ. 1938ರಲ್ಲಿ ಅವರನ್ನು ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಇದನ್ನು ಆಮೇಲೆ ಓದಿ ತಿಳಿದುಕೊಂಡಾಗ ಎಷ್ಟು ಖುಷಿಯಾಯಿತು ಅಂದರೆ, ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಪ್ಪನಿಗೆ ಇದರ ಗೊಡವೆ ಇರಲಿಲ್ಲ. ಆದರೂ ಪೂರ್ತಿ ಕೇಳಿಸಿಕೊಂಡರು.

ಆ ಚಳಿಗಾಲ ಪೂರ್ತಿ ನಾನು ಬೇಸ್‌ಬಾಲ್ ಓದಿದೆ. ಬಿಲ್ ಜೇಮ್ಸ್ ಅನ್ನುವವರು ಕ್ಯಾನ್ಸಸ್‌ನ ಲಾರೆನ್ಸ್ ಊರಿನಲ್ಲಿ, ಹುರುಳಿಕಾಯಿ ಬೀಜ ಡಬ್ಬಿಗೆ ತುಂಬುವ ಫ್ಯಾಕ್ಟರಿಯಲ್ಲಿ ರಾತ್ರಿ ಕಾವಲು ಕಾಯುತ್ತಾ ಆಟದ ಅಂಕಿಗಳನ್ನು ಕೆದಕಿದರು. 1977ರಲ್ಲಿ ತಾವೇ ಅಚ್ಚು ಹಾಕಿಸಿ ಮಾರಿದರು. ಅವರನ್ನು ಬಾಸ್ಟನ್ ರೆಡ್ ಸಾಕ್ಸ್ ಕೆಲಸಕ್ಕೆ ಕರೆದಿದ್ದು 2002ರಲ್ಲಿ. ಮೈಕ್ ಫಾಸ್ಟ್ ಅನ್ನುವವರು 2011ರಲ್ಲಿ ಕ್ಯಾಚರ್‌ಗಳ (ನಮ್ಮ ವಿಕೆಟ್‌ಕೀಪರ್ ಹಾಗೆ ಬ್ಯಾಟರ್ ಹಿಂದೆ ಕೂರುವವರು) ಬಗ್ಗೆ ಒಂದು ಲೇಖನ ಬರೆದರು. ಕ್ಯಾಚರ್ ಚೆಂಡನ್ನು ಹಿಡಿಯುವ ರೀತಿಯಿಂದಲೇ ಅಂಪೈರ್ ಸ್ಟ್ರೈಕ್ (ಎಸೆತ ಸರಿಯಾದ ಜಾಗದಲ್ಲಿತ್ತು ಅನ್ನುವ ತೀರ್ಪು) ಕೊಡುವುದು ಎಷ್ಟು ಹೆಚ್ಚುತ್ತದೆ, ಅದರಿಂದ ವರ್ಷಕ್ಕೆ ಎಷ್ಟು ರನ್ ಉಳಿಯುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದರು. ಸ್ವಲ್ಪ ದಿನದಲ್ಲೇ ಹ್ಯೂಸ್ಟನ್ ಆಸ್ಟ್ರೋಸ್ ಅವರನ್ನು ಒಳಗೆ ಕರೆದುಕೊಂಡಿತು. ಫರ್ಹಾನ್ ಜೈದಿ ಬರ್ಕ್ಲಿಯಲ್ಲಿ ಅರ್ಥಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದವರು 2005ರಲ್ಲಿ ಓಕ್ಲೆಂಡ್ ಟೀಮ್ ಸೇರಿ, 2014ರಲ್ಲಿ ಡಾಡ್ಜರ್ಸ್ ಟೀಮಿನ ಜನರಲ್ ಮ್ಯಾನೇಜರ್ ಆದರು, ಅಂದರೆ ಆಟಗಾರರನ್ನು ಆರಿಸಿ ಟೀಮ್ ಕಟ್ಟುವವರು. ಟಿ.ವಿ.ಯಲ್ಲಿ ನಮ್ಮ ಉಪಖಂಡದ ಆ ಹೆಸರು ಕಂಡಾಗ ನಾನು ಎದ್ದು ನಿಂತುಬಿಟ್ಟಿದ್ದೆ. ಇವರೆಲ್ಲ ಆಡಿದವರಲ್ಲ. ಲೆಕ್ಕ ಇಟ್ಟವರು. ಹಾಗಾದರೆ ನನಗೂ ಒಂದು ಕುರ್ಚಿ ಇರಬಹುದು ಅಂತ ಅನ್ನಿಸಿತು.

ನ್ಯಾಶ್‌ವಿಲ್

ಬೇಸ್‌ಬಾಲಿನಲ್ಲಿ ಪ್ರತಿ ಡಿಸೆಂಬರ್‌ಗೂ ವಿಂಟರ್ ಮೀಟಿಂಗ್ಸ್ ಅಂತ ಒಂದು ಜಾತ್ರೆ ಸೇರುತ್ತದೆ. ಮೇಜರ್ ಲೀಗಿನ ಮೂವತ್ತು ಟೀಮುಗಳ ಜನರಲ್ ಮ್ಯಾನೇಜರ್‌ಗಳು, ಆಟಗಾರರನ್ನು ಹುಡುಕುವ ಸ್ಕೌಟ್‌ಗಳು, ಏಜೆಂಟರು, ಅದರ ಕೆಳಗಿನ ಹಂತದ ಮೈನರ್ ಲೀಗ್ ಕ್ಲಬ್ಬುಗಳ ಮಾಲೀಕರು, ಪತ್ರಕರ್ತರು ಎಲ್ಲ ಒಂದೇ ಹೋಟೆಲಿನಲ್ಲಿ. 2015ರಲ್ಲಿ ಅದು ನ್ಯಾಶ್‌ವಿಲ್‌ನ ಆಪ್ರಿಲ್ಯಾಂಡ್ ಹೋಟೆಲಿನಲ್ಲಿ ನಡೆಯಿತು. ಗಾಜಿನ ಮಾಡಿನ ಕೆಳಗೆ ದೊಡ್ಡ ತೋಟ, ಒಳಗೇ ಹರಿಯುವ ನೀರು, ಅದರಲ್ಲಿ ದೋಣಿ. ಆಗ ಅಲ್ಲೇ ಕೆಲಸ ಹುಡುಕುವವರಿಗೆ ಒಂದು ಜಾಬ್ ಫೇರ್ ಕೂಡ ಇರುತ್ತಿತ್ತು. ನಾನು ರೂಮ್‌ಮೇಟ್‌ನ ಕೋಟು ಹಾಕಿಕೊಂಡು, ರಾತ್ರಿ ಬಸ್ಸಿನಲ್ಲಿ ಕೂತು, ಬೆಳಿಗ್ಗೆ ಅಲ್ಲಿ ಇಳಿದೆ.

ಆ ಹಾಲ್ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಉದ್ದಕ್ಕೂ ಬೋರ್ಡುಗಳು. ಬೋರ್ಡಿಗೆ ಪಿನ್ ಚುಚ್ಚಿದ ಹಾಳೆಗಳು. ಒಂದೊಂದು ಹಾಳೆಗೂ ಒಂದು ನಂಬರ್, ಕ್ಲಬ್ಬಿನ ಹೆಸರು, ಊರು, ಕೆಲಸ, ಸಂಬಳ. ನಮಗೆ ಬೇಕಾದ ನಂಬರ್ ನೋಡಿ, ರೆಸ್ಯೂಮೆ ಮೇಲೆ ಅದನ್ನು ಬರೆದು, ಡಬ್ಬಿಗೆ ಹಾಕಬೇಕು. ಅವರಿಗೆ ಇಷ್ಟವಾದರೆ ಇನ್ನೊಂದು ಬೋರ್ಡಿನಲ್ಲಿ ನಮ್ಮ ಹೆಸರು, ಇಂಟರ್ವ್ಯೂ ಹೊತ್ತು ಬರುತ್ತದೆ. ಹೊಸ ಹಾಳೆ ಅಂಟಿಸೋಕೆ ಯಾರಾದರೂ ಬಂದರೆ ಸಾಕು, ಕಪ್ಪು ಕೋಟಿನ ನೂರಾರು ಹುಡುಗರು, ಹುಡುಗಿಯರು ಆ ಕಡೆ ನುಗ್ಗುತ್ತಿದ್ದರು. ನಮ್ಮ ಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ಅಂಟಿಸಿದ ದಿನ ಹೀಗೇ ಇತ್ತು. ಹೆಸರು ಸಿಗದವರು ಹಿಂದಕ್ಕೆ ಸರಿಯುವ ರೀತಿಯೂ ಅದೇ. ಮುಖದಲ್ಲಿ ಏನೂ ತೋರಿಸದೆ ಫೋನ್ ತೆಗೆದು ನೋಡುತ್ತಾ ಆಚೆ ಹೋಗುತ್ತಾರೆ.

ಬೋರ್ಡ್ ಓದುತ್ತಾ ಹೋದ ಹಾಗೆ ನನಗೆ ಒಂದು ವಿಷಯ ಗೊತ್ತಾಯಿತು. ಫ್ರಂಟ್ ಆಫೀಸ್ ಅಂದರೆ ಎರಡು ಮನೆ. ಒಂದರಲ್ಲಿ ಆಟಗಾರರನ್ನು ಹುಡುಕುವುದು, ಬೆಳೆಸುವುದು, ಕೊಳ್ಳುವುದು, ಲೆಕ್ಕ ಹಾಕುವುದು. ಇನ್ನೊಂದರಲ್ಲಿ ಟಿಕೆಟ್ ಮಾರುವುದು, ಸ್ಪಾನ್ಸರ್ ಹುಡುಕುವುದು, ಮೈದಾನ ನಡೆಸುವುದು. ನಾವೆಲ್ಲ ಬಂದಿದ್ದು ಮೊದಲನೇ ಮನೆಯ ಕನಸು ಇಟ್ಟುಕೊಂಡು. ಬೋರ್ಡ್ ತುಂಬಾ ಇದ್ದಿದ್ದು ಎರಡನೇ ಮನೆಯ ಕೆಲಸ. ಅದರಲ್ಲೂ ಹೆಚ್ಚಿನವು ಒಂದು ಸೀಸನ್ ಮಟ್ಟಿಗೆ. ಸಂಬಳದ ಜಾಗದಲ್ಲಿ ತಿಂಗಳಿಗೆ ಇಷ್ಟು ಅಂತ ಒಂದು ಸಣ್ಣ ಮೊತ್ತ. ಪಕ್ಕದಲ್ಲಿ ನಿಂತಿದ್ದ ಒಬ್ಬ ಹುಡುಗ ಇದು ತನ್ನ ಮೂರನೇ ಜಾಬ್ ಫೇರ್ ಅಂದ. ಎರಡು ಸೀಸನ್ ಬೇರೆ ಬೇರೆ ಊರಲ್ಲಿ ಇಂಟರ್ನ್ ಆಗಿದ್ದನಂತೆ. "ಮನೆ ಬಾಡಿಗೆ ಅಪ್ಪ ಕಟ್ಟುತ್ತಾರೆ. ಇನ್ನೊಂದು ವರ್ಷ ನೋಡು ಅಂದಿದ್ದಾರೆ" ಅಂದ. ಒಳ್ಳೆಯ ಹುಡುಗ. ತನ್ನ ಪೆನ್ನನ್ನು ನನಗೆ ಕೊಟ್ಟ. ನಾನು ನಿಂತಲ್ಲೇ ಲೆಕ್ಕ ಹಾಕಿದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಎರಡೆಕರೆ ಅಡಿಕೆ ತೋಟದ ಮೇಲೆ 16 ಲಕ್ಷ ಸಾಲ ಇತ್ತು. ನಮ್ಮ ಅಪ್ಪ ಯಾವತ್ತೂ ಹೇಳುವ ಮಾತು ಒಂದೇ: ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು.

ನನಗೆ ಬಂದಿದ್ದು ಒಂದೇ ಇಂಟರ್ವ್ಯೂ. ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಊರಿನ ಕ್ಲಬ್. ಟಿಕೆಟ್ ಮಾರಾಟದ ಲೆಕ್ಕ ನೋಡುವ ಕೆಲಸ. ಬಟ್ಟೆ ಹೊದಿಸಿದ ಮೇಜಿನ ಆಚೆ ಒಬ್ಬರು ಕೂತಿದ್ದರು. ಗೊತ್ತಿಲ್ಲದವರ ಹತ್ತಿರ ಫೋನಲ್ಲಿ ಮಾತಾಡೋಕೆ ಬರುತ್ತಾ ಅಂತ ಕೇಳಿದರು. ಆಮೇಲೆ, ಮಳೆ ಬಂದರೆ ಟಾರ್ಪ್ ಎಳೀತೀಯಾ ಅಂತ ಕೇಳಿದರು. ನಾನು ಅಡಿಕೆಯ ಕಥೆ ಹೇಳಿದೆ. ನಮ್ಮ ಮನೆ ಅಂಗಳದಲ್ಲಿ ಬೇಯಿಸಿದ ಅಡಿಕೆ ಒಣಗೋಕೆ ಹಾಕಿರುತ್ತಾರೆ. ಮೋಡ ಕಪ್ಪಾಗಿ ಒಂದು ಹನಿ ಬಿದ್ದರೆ ಸಾಕು, ಊಟಕ್ಕೆ ಕೂತವರೂ ಎಂಜಲು ಕೈಯಲ್ಲೇ ಓಡುತ್ತಾರೆ. ಅಜ್ಜಿಯೂ ಓಡುತ್ತಾಳೆ, ಮನೆಗೆ ಬಂದ ನೆಂಟರೂ ಓಡುತ್ತಾರೆ. ತಾಡಪಾಲಿನ ಒಂದೊಂದು ಮೂಲೆ ಒಬ್ಬೊಬ್ಬರು ಹಿಡಿದು ಎಳೆಯುತ್ತಾರೆ. ಒದ್ದೆಯಾದರೆ ವರ್ಷದ ದುಡ್ಡು ಹೋಯಿತು. ಅವರು ಬರೆಯುವುದನ್ನು ನಿಲ್ಲಿಸಿ ಕೇಳಿದರು. ಜನವರಿಯಲ್ಲಿ ಅವರಿಂದ ಮೇಲ್ ಬಂತು, ಜೂನ್‌ಗೆ ಬಾ ಅಂತ.

ಸಾಲು ಎಂಟು, ಸಾಲು ಒಂಬತ್ತು

ಆ ಕ್ಲಬ್ ಆಡುತ್ತಿದ್ದಿದ್ದು ನ್ಯೂಯಾರ್ಕ್-ಪೆನ್ ಲೀಗ್ ಅನ್ನುವ ಮೈನರ್ ಲೀಗಿನಲ್ಲಿ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದ ತನಕ 76 ಪಂದ್ಯ, ಅದರಲ್ಲಿ ಅರ್ಧ ನಮ್ಮೂರಲ್ಲಿ. ಮೇಜರ್ ಲೀಗ್ ಟೀಮುಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಜೂನ್ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಕಾಲೇಜು ಹುಡುಗರು ಹೊಸ ಬ್ಯಾಗ್ ಹಿಡಿದು ಬಂದು ಇಳಿಯುತ್ತಿದ್ದರು. ನನಗೆ ತಿಂಗಳಿಗೆ 800 ಡಾಲರ್. ಅದರಲ್ಲಿ ಅರ್ಧ ಒಬ್ಬ ವಯಸ್ಸಾದ ಹೆಂಗಸಿನ ಮನೆಯ ಮಹಡಿ ರೂಮಿಗೆ ಹೋಗುತ್ತಿತ್ತು. ಆಟ ಇರುವ ದಿನ ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ರಾತ್ರಿ ಹನ್ನೊಂದೂವರೆಗೆ ವಾಪಸ್.

ಬೆಳಿಗ್ಗೆ ಪೂರ್ತಿ ಫೋನ್. ಹಿಂದಿನ ವರ್ಷಗಳಲ್ಲಿ ಟಿಕೆಟ್ ಕೊಂಡವರ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಮಾಡಬೇಕು. ಆ ಪಟ್ಟಿಯನ್ನು ನಾನು ಎಕ್ಸೆಲ್‌ನಲ್ಲಿ ಹಾಕಿ ವರ್ಷವಾರು ಜೋಡಿಸಿದೆ. ಯಾರು ಯಾವ ವಾರ ಬರುತ್ತಾರೆ, ಯಾರು ಯಾವಾಗ ಬಿಟ್ಟರು ಅಂತ. ಅದರಲ್ಲಿ ಒಂದು ಹೆಸರು ವರ್ಷಾ ವರ್ಷಾ ಬರುತ್ತಿತ್ತು. ಒಂದು ಫ್ಯಾಕ್ಟರಿಯ ಕಾರ್ಮಿಕರ ಸಂಘ. ಪ್ರತಿ ಬೇಸಿಗೆಗೂ ಸಾಲು ಎಂಟು, ಸಾಲು ಒಂಬತ್ತು, ಪೂರ್ತಿ. ಎರಡು ವರ್ಷದ ಹಿಂದೆ ಇದ್ದಕ್ಕಿದ್ದ ಹಾಗೆ ನಿಂತಿತ್ತು. ನನಗೆ ಒಳ್ಳೆಯ ಗಿರಾಕಿ ಸಿಕ್ಕಿದ ಅಂತ ಅನ್ನಿಸಿ ನಂಬರ್ ಒತ್ತಿದೆ. ಆಚೆ ಕಡೆ ಒಬ್ಬರು ತುಂಬಾ ಮೆಲ್ಲಗೆ ಮಾತಾಡಿದರು. ಫ್ಯಾಕ್ಟರಿ ಮುಚ್ಚಿ ಎರಡು ವರ್ಷ ಆಯ್ತು ಮಗಾ ಅಂದರು. ಆಮೇಲೆ ಈ ವರ್ಷ ಪಿಚ್ಚರ್‌ಗಳು (ಚೆಂಡು ಎಸೆಯುವವರು) ಹೇಗಿದ್ದಾರೆ ಅಂತ ಕೇಳಿದರು. ಹತ್ತು ನಿಮಿಷ ಬೇಸ್‌ಬಾಲ್ ಮಾತಾಡಿದೆವು. ನಾನು ಟಿಕೆಟ್ ಅನ್ನುವ ಪದ ಎತ್ತಲಿಲ್ಲ. ಆ ಮಧ್ಯಾಹ್ನ ಎಕ್ಸೆಲ್‌ನ ಆ ಖಾಲಿ ಎರಡು ಚೌಕಗಳನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಡೇಟಾ ಅಂದರೆ ಏನು ಅಂತ ನನಗೆ ಕಲಿಸಿದ್ದು ಎಂ.ಎಸ್. ಅಲ್ಲ, ಆ ಫೋನು. ಈಗಲೂ ಆಫೀಸಿನಲ್ಲಿ ಯಾವುದಾದರೂ ಕಾಲಂನಲ್ಲಿ ಸಾಲಾಗಿ ಬಂದ ಅಂಕಿ ತಟ್ಟನೆ ನಿಂತರೆ, ನಾನು ಮೊದಲು ಕೋಡ್ ನೋಡುವುದಿಲ್ಲ. ಅಲ್ಲಿ ಏನಾಯಿತು ಅಂತ ಯಾರನ್ನಾದರೂ ಕೇಳುತ್ತೇನೆ.

ಜುಲೈನಲ್ಲಿ ಒಂದು ರಾತ್ರಿ ಐದನೇ ಇನ್ನಿಂಗ್ಸ್‌ನಲ್ಲಿ ಮಳೆ ಬಂತು. ಸಣ್ಣ ಮಳೆಯಲ್ಲ, ನಮ್ಮ ಆಗುಂಬೆ ಕಡೆಯದರ ಹಾಗೆ ಒಂದೇ ಸಲ ಸುರಿಯುವ ಮಳೆ. ಅಂಪೈರ್ ಕೈ ಎತ್ತಿದ್ದೇ ತಡ, ಗ್ರೌಂಡ್ಸ್‌ಕೀಪರ್ ಕೂಗಿದರು. ಟಿಕೆಟ್ ಕೌಂಟರಿನ ಹುಡುಗಿ, ಹಾಟ್‌ಡಾಗ್ ಮಾಡುವವನು, ಕ್ಲಬ್ಬಿನ ಜನರಲ್ ಮ್ಯಾನೇಜರ್, ನಾನು, ಎಲ್ಲ ಓಡಿದೆವು. ಟಾರ್ಪ್ ಒಂದು ಉದ್ದನೆಯ ಪೈಪಿಗೆ ಸುತ್ತಿಕೊಂಡು ಗೆರೆಯ ಆಚೆ ಮಲಗಿರುತ್ತದೆ. ಅದನ್ನು ಮೊದಲು ಉರುಳಿಸಬೇಕು, ಆಮೇಲೆ ಅಂಚು ಹಿಡಿದು ಬಗ್ಗಿ ಓಡಬೇಕು. ಗಾಳಿ ಒಳಗೆ ನುಗ್ಗಿದರೆ ಅದು ಹಾಯಿಯ ಹಾಗೆ ಎದ್ದುಬಿಡುತ್ತದೆ, ಮನುಷ್ಯರನ್ನು ಎತ್ತಿ ಹಾಕುತ್ತದೆ. ನಾನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಗ್ರೌಂಡ್ಸ್‌ಕೀಪರ್ ಬಂದು ನನ್ನ ಬೆರಳು ಬಿಡಿಸಿದರು. "ಬಿಡು ಅಂದಾಗ ಬಿಡಬೇಕು" ಅಂತ ಕಿವಿ ಹತ್ತಿರ ಕೂಗಿದರು. ಮುಚ್ಚಿ ಮುಗಿಸಿ, ಮರಳಿನ ಚೀಲ ಇಟ್ಟು ತಿರುಗಿ ನೋಡಿದರೆ, ಮಾಡಿನ ಕೆಳಗೆ ನಿಂತ ಜನ ಚಪ್ಪಾಳೆ ತಟ್ಟುತ್ತಿದ್ದರು. ಅಷ್ಟು ಸಂತೋಷದ ರಾತ್ರಿ ನನ್ನ ಬದುಕಿನಲ್ಲಿ ಜಾಸ್ತಿ ಇಲ್ಲ.

(ಅದೇ ತಿಂಗಳು ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನಲ್ಲಿ ಸ್ಕೌಟಿಂಗ್ ಡೈರೆಕ್ಟರ್ ಆಗಿದ್ದ ಕ್ರಿಸ್ ಕೊರಿಯಾಗೆ 46 ತಿಂಗಳ ಜೈಲು ಶಿಕ್ಷೆ ಆಯಿತು. ಹ್ಯೂಸ್ಟನ್ ಟೀಮಿನ ಡೇಟಾಬೇಸಿಗೆ ಕದ್ದು ನುಗ್ಗಿದ್ದಕ್ಕೆ. ಮೊದಲನೇ ಮನೆಯಲ್ಲಿ ಅಂಕಿಗಳಿಗೆ ಅಷ್ಟು ಬೆಲೆ ಇತ್ತು. ನಾವು ಎರಡನೇ ಮನೆಯವರು ಅದನ್ನು ಟಿ.ವಿ.ಯಲ್ಲಿ ನೋಡಿದೆವು.)

ಗಡಿಯಾರ

ಈಗ ಆ ಹುಡುಗಿಗೆ ಹೇಳದೆ ಬಿಟ್ಟ ಭಾಗ. ನಾನು ಇಲ್ಲಿ ಓದೋಕೆ ಬಂದವನು. ಓದು ಮುಗಿದ ಮೇಲೆ ಒಪಿಟಿ ಅಂತ ಹನ್ನೆರಡು ತಿಂಗಳು ಕೆಲಸ ಮಾಡಲು ಬಿಡುತ್ತಾರೆ. ಆದರೆ ಆ ಹನ್ನೆರಡು ತಿಂಗಳಲ್ಲಿ ಕೆಲಸ ಇಲ್ಲದ ದಿನಗಳು ಒಟ್ಟು 90 ದಾಟಬಾರದು. ದಾಟಿದರೆ ಇಲ್ಲಿರುವ ಹಕ್ಕೇ ಹೋಗುತ್ತದೆ. ಹನ್ನೆರಡು ತಿಂಗಳ ಮೇಲೆ ಇನ್ನೂ 24 ತಿಂಗಳು ಬೇಕಾದರೆ ಕೆಲಸ ಕೊಟ್ಟವರು ಇ-ವೆರಿಫೈ ಅನ್ನುವ ಸರ್ಕಾರಿ ಪರಿಶೀಲನೆ ವ್ಯವಸ್ಥೆಗೆ ಸೇರಿರಬೇಕು, ಸಂಬಳ ಕೊಡಲೇಬೇಕು. ಅದೂ ಮುಗಿದರೆ ಎಚ್-1ಬಿ ಕೆಲಸದ ವೀಸಾದ ಲಾಟರಿ. ಇದು ಇಲ್ಲಿಗೆ ಬಂದ ನಮ್ಮ ಹುಡುಗರಿಗೆಲ್ಲ ಬಾಯಿಪಾಠ. ಈ ಗಡಿಯಾರಕ್ಕೂ ಬೇಸ್‌ಬಾಲಿನ ಗಡಿಯಾರಕ್ಕೂ ಹೊಂದುವುದಿಲ್ಲ ಅನ್ನುವುದು ಮಾತ್ರ ಯಾರೂ ಹೇಳಿರಲಿಲ್ಲ.

ಮೇಜರ್ ಲೀಗ್ ಟೀಮುಗಳು ಹೊಸಬರನ್ನು ಹೆಚ್ಚಾಗಿ ತೆಗೆದುಕೊಳ್ಳುವುದು ಸೀಸನ್ ಮುಗಿದ ಮೇಲೆ, ಅಕ್ಟೋಬರ್‌ನಿಂದ ಜನವರಿ ತನಕ. ಕೆಲಸ ಶುರುವಾಗುವುದು ಹೊಸ ವರ್ಷದ ಮೇಲೆ. ಮೇ, ಜೂನ್, ಜುಲೈನಲ್ಲಿ ಅವರಿಗೆ ತಲೆ ಎತ್ತಲು ಹೊತ್ತಿರುವುದಿಲ್ಲ. ಡ್ರಾಫ್ಟ್, ಅದರ ಬೆನ್ನಿಗೇ ಆಟಗಾರರ ಅದಲು ಬದಲಿನ ಕೊನೆಯ ದಿನ. ನಮ್ಮ ಓದು ಮುಗಿಯುವುದು ಮೇ ತಿಂಗಳಲ್ಲಿ. ನನ್ನ ಕ್ಲಬ್ಬಿನ ಕೆಲಸ ಮುಗಿದಿದ್ದು 2016ರ ಸೆಪ್ಟೆಂಬರ್ 10ಕ್ಕೆ. ಮಾರನೇ ದಿನದಿಂದ ಎಣಿಕೆ ಶುರು.

ಆ ದಿನಗಳಲ್ಲಿ ನಾನು ಹನ್ನೊಂದು ಟೀಮುಗಳಿಗೆ ಅರ್ಜಿ ಹಾಕಿದೆ. ಆನ್‌ಲೈನ್ ಫಾರಂನ ಕೊನೆಯಲ್ಲಿ ಒಂದು ಪ್ರಶ್ನೆ ಇರುತ್ತಿತ್ತು: ಈಗ ಅಥವಾ ಮುಂದೆ ನಿನಗೆ ವೀಸಾ ಸ್ಪಾನ್ಸರ್‌ಶಿಪ್ ಬೇಕಾಗುತ್ತದಾ? ಹೌದು ಅಂತ ಒತ್ತಿ ಕಳಿಸಿದರೆ ಕೆಲವು ಕಡೆಯಿಂದ ನಿಮಿಷದೊಳಗೇ ಉತ್ತರ ಬರುತ್ತಿತ್ತು. ಒಂದು ಟೀಮು ಮಾತ್ರ ಪರೀಕ್ಷೆ ಕಳಿಸಿತು. ಒಂದು ಡೇಟಾ ಕಡತ, ಮೂರು ಪ್ರಶ್ನೆ, ಒಂದು ವಾರ. ಆ ವಾರ ನಾನು ಅಡುಗೆ ಮಾಡಿದ ನೆನಪಿಲ್ಲ. ಕಳಿಸಿದ ಮೇಲೆ ಒಬ್ಬರು ಫೋನ್ ಮಾಡಿ ಮಾತಾಡಿದರು. ಕೆಲಸ ತುಂಬಾ ಚೆನ್ನಾಗಿ ಮಾಡಿದ್ದೀಯ ಅಂದರು. ಫೆಬ್ರವರಿಯಿಂದ ಒಂದು ಸೀಸನಲ್ ಜಾಗ ಇರಬಹುದು, ಜನವರಿಯಲ್ಲಿ ಹೇಳುತ್ತೇವೆ ಅಂದರು. ನಾನು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದೆ. ನನ್ನ 90ನೇ ದಿನ ಡಿಸೆಂಬರ್ 9ಕ್ಕೆ ಬರುತ್ತಿತ್ತು. ಅವರಲ್ಲಿ ಕೆಟ್ಟತನ ಇರಲಿಲ್ಲ. ಇದ್ದಿದ್ದನ್ನು ಇದ್ದ ಹಾಗೆ ಹೇಳಿದ್ದರು. ಕಾಯೋಕೆ ಆಗುವವನಿಗೆ ಅದು ಒಳ್ಳೆಯ ಸುದ್ದಿಯೇ.

ನವೆಂಬರ್ 2ರ ರಾತ್ರಿ, ನನ್ನ 53ನೇ ದಿನ, ಮೇಜರ್ ಲೀಗಿನ ಫೈನಲ್ ಆದ ವರ್ಲ್ಡ್ ಸೀರೀಸ್‌ನ ಏಳನೇ, ಕೊನೆಯ ಪಂದ್ಯ. ಕ್ಲೀವ್‌ಲ್ಯಾಂಡ್‌ನಲ್ಲಿ. ಷಿಕಾಗೊ ಕಬ್ಸ್ 108 ವರ್ಷದಿಂದ ಗೆದ್ದಿರಲಿಲ್ಲ. ಒಂಬತ್ತು ಇನ್ನಿಂಗ್ಸ್ ಮುಗಿದಾಗ 6-6. ಆಗ ಮಳೆ ಬಂತು. ಹದಿನೇಳು ನಿಮಿಷ ಆಟ ನಿಂತಿತು. ಆ ಹದಿನೇಳು ನಿಮಿಷದಲ್ಲಿ ಕಬ್ಸ್ ಆಟಗಾರರು ಒಂದು ಕೋಣೆಯಲ್ಲಿ ಸೇರಿ ಮಾತಾಡಿಕೊಂಡಿದ್ದು, ಹತ್ತನೇ ಇನ್ನಿಂಗ್ಸ್‌ನಲ್ಲಿ ಗೆದ್ದಿದ್ದು, ಆ ಟೀಮ್ ಕಟ್ಟಿದ ಥಿಯೋ ಎಪ್‌ಸ್ಟೀನ್ ಬಾಸ್ಟನ್ ಆದ ಮೇಲೆ ಎರಡನೇ ಸಲ ಹಳೆಯ ಬರಗಾಲ ಮುಗಿಸಿದ್ದು, ಎಲ್ಲರಿಗೂ ನೆನಪಿರುವುದು ಅದೇ. ನನಗೆ ನೆನಪಿರುವುದು ಟಾರ್ಪ್. ಕ್ಯಾಮೆರಾ ಆ ಕಡೆ ತಿರುಗಿದಾಗ, ಬಗ್ಗಿ ಓಡುತ್ತಿದ್ದವರನ್ನು ನಾನು ಒಬ್ಬೊಬ್ಬರನ್ನಾಗಿ ನೋಡಿದೆ. ಯಾರು ಎಡಗೈಯಲ್ಲಿ ಹಿಡಿದಿದ್ದಾರೆ, ಯಾರು ಗಾಳಿ ಬಂದಾಗ ಸರಿಯಾಗಿ ಬಿಟ್ಟರು ಅಂತ. ನನ್ನ ಬೆರಳು ತಾನಾಗಿ ಮಡಚಿಕೊಂಡಿತ್ತು.

67ನೇ ದಿನ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಒಪ್ಪಿಕೊಂಡೆ. ಜನವರಿಯಲ್ಲಿ ಆ ಟೀಮಿನಿಂದ ಮೇಲ್ ಬಂತು, ಇನ್ನೂ ಆಸಕ್ತಿ ಇದೆಯಾ ಅಂತ.

ಕಾದವರು

ಈ ಕೆಲಸದಲ್ಲಿ ಮೇಲೆ ಹೋದವರ ಕಥೆಗಳನ್ನು ಈಗ ಓದುವಾಗ ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ಜಾನ್ ಷೂರ್‌ಹೋಲ್ಜ್ ಬಾಲ್ಟಿಮೋರ್‌ನಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದರು. 1966ರಲ್ಲಿ ಓರಿಯೋಲ್ಸ್ ಮಾಲೀಕರಿಗೆ ಒಂದು ಕಾಗದ ಬರೆದರು, ಕೆಲಸ ಸಿಕ್ಕಿತು, ಕೊನೆಗೆ ಹಾಲ್ ಆಫ್ ಫೇಮ್ ಸೇರಿದರು. ಒಂದು ಕಾಗದ! ಬ್ರಯಾನ್ ಕ್ಯಾಶ್‌ಮನ್ 1986ರಲ್ಲಿ ಯಾಂಕೀಸ್‌ಗೆ ಇಂಟರ್ನ್ ಆಗಿ ಬಂದರು, ಟೀಮಿನ ಮಾಲೀಕರು ಅವರ ತಂದೆಗೆ ಪರಿಚಯ. 1998ರಿಂದ ಅವರೇ ಜನರಲ್ ಮ್ಯಾನೇಜರ್. ಎಪ್‌ಸ್ಟೀನ್ 28ನೇ ವಯಸ್ಸಿಗೆ ಬಾಸ್ಟನ್‌ನ ಚುಕ್ಕಾಣಿ ಹಿಡಿದರು. ಕಿಮ್ ಎಂಗ್ 1990ರಲ್ಲಿ ವೈಟ್ ಸಾಕ್ಸ್‌ನಲ್ಲಿ ಇಂಟರ್ನ್. ಯಾಂಕೀಸ್, ಡಾಡ್ಜರ್ಸ್ ಎರಡೂ ಕಡೆ ಅಸಿಸ್ಟೆಂಟ್ ಜನರಲ್ ಮ್ಯಾನೇಜರ್. 2005ರಿಂದ ಒಂದಾದ ಮೇಲೊಂದು ಇಂಟರ್ವ್ಯೂ ಕೊಟ್ಟರು. ಮಯಾಮಿ ಮಾರ್ಲಿನ್ಸ್ ಅವರನ್ನು ಜನರಲ್ ಮ್ಯಾನೇಜರ್ ಮಾಡಿದ್ದು 2020ರ ನವೆಂಬರ್‌ನಲ್ಲಿ. ಮೂವತ್ತು ವರ್ಷ. ಮೇಜರ್ ಲೀಗಿನಲ್ಲಿ ಆ ಜಾಗಕ್ಕೆ ಬಂದ ಮೊದಲ ಹೆಂಗಸು.

ಇವರಲ್ಲಿ ಯಾರ ಯೋಗ್ಯತೆಯನ್ನೂ ನಾನು ಕಡಿಮೆ ಮಾಡುತ್ತಿಲ್ಲ. ಕಿಮ್ ಎಂಗ್ ಅವರ ತಾಳ್ಮೆ ನೆನೆದರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ನಾನು ಹೇಳುವುದು ಇಷ್ಟೇ. ಆಟದ ಮೇಲೆ ಪ್ರೀತಿ ಇರೋರಿಗೆ ಈ ಕೆಲಸ ಅಂತ ಎಲ್ಲರೂ ಹೇಳುತ್ತಾರೆ. ಆ ಪ್ರೀತಿಯನ್ನೇ ಸಂಬಳದ ಒಂದು ಭಾಗ ಅಂತ ಲೆಕ್ಕ ಹಿಡಿಯುತ್ತಾರೆ. ಪ್ರೀತಿ ನ್ಯಾಶ್‌ವಿಲ್‌ನ ಆ ಹಾಲಿನಲ್ಲಿದ್ದ ಎಲ್ಲರಲ್ಲೂ ಇತ್ತು. ಕೆಲವರಲ್ಲಿ ಇದ್ದು, ಉಳಿದವರಲ್ಲಿ ಇಲ್ಲದಿದ್ದದ್ದು ಬೇರೆ. ಎರಡು ಮೂರು ವರ್ಷ ಅರೆಸಂಬಳದಲ್ಲಿ ಊರಿಂದೂರಿಗೆ ಹೋಗಿ ಕಾಯುವ ತಾಕತ್ತು. ಅದು ಅಪ್ಪನ ಜೇಬಿನಿಂದ ಬರುತ್ತದೆ, ಪಾಸ್‌ಪೋರ್ಟಿನಿಂದ ಬರುತ್ತದೆ. ಟೀಮುಗಳು ಒಬ್ಬೊಬ್ಬ ಪಿಚ್ಚರ್‌ನ ಚೆಂಡು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ಅಳೆಯುತ್ತವೆ. ತಮ್ಮ ಬಾಗಿಲಲ್ಲಿ ಯಾರು ಯಾಕೆ ಉದುರಿಹೋದರು ಅಂತಲೂ ಅಷ್ಟೇ ಶ್ರದ್ಧೆಯಿಂದ ಅಳೆದರೆ ಅವರಿಗೇ ಲಾಭ ಅಂತ ನನಗೆ ಅನ್ನಿಸುತ್ತದೆ.

ನಾನು ಟಾರ್ಪ್ ಎಳೆದ ಲೀಗ್ ಈಗ ಇಲ್ಲ. ಮೇಜರ್ ಲೀಗ್‌ನವರು ಮೈನರ್ ಲೀಗುಗಳನ್ನು ಕೈಗೆ ತೆಗೆದುಕೊಂಡು 160 ಕ್ಲಬ್ಬುಗಳನ್ನು 120ಕ್ಕೆ ಇಳಿಸಿದರು. 1939ರಿಂದ ನಡೆದಿದ್ದ ನ್ಯೂಯಾರ್ಕ್-ಪೆನ್ ಲೀಗ್ 2020ರಲ್ಲಿ ನಿಂತೇಹೋಯಿತು. ಹೊಸಬರಿಗೆ ಒಳಗೆ ಹೆಜ್ಜೆ ಇಡಲು ಇದ್ದ ಸಣ್ಣ ಸಣ್ಣ ಬಾಗಿಲುಗಳು ಅದರ ಜೊತೆಗೇ ಮುಚ್ಚಿದವು. ಸಾಲು ಎಂಟು, ಒಂಬತ್ತರಲ್ಲಿ ಈಗ ಯಾರು ಕೂರುತ್ತಾರೋ.

ಡಿಸೆಂಬರ್

ಮೂರು ವಾರದ ನಂತರ ನಾನೇ ಅವಳಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಅವಳು ಒಂದು ಕೆಲಸ ಶುರು ಮಾಡಿದ್ದಳು. 2026ರ ಸೀಸನ್‌ನಿಂದ ಮೇಜರ್ ಲೀಗಿನಲ್ಲಿ ಬಾಲ್, ಸ್ಟ್ರೈಕ್ ತೀರ್ಪನ್ನು ಆಟಗಾರರು ಪ್ರಶ್ನಿಸಬಹುದು. ನಮ್ಮ ಡಿಆರ್‌ಎಸ್ ಹಾಗೆ. ಟೀಮಿಗೆ ಎರಡು ಅವಕಾಶ, ಸರಿಯಾದರೆ ಉಳಿಯುತ್ತದೆ, ತಪ್ಪಾದರೆ ಹೋಗುತ್ತದೆ. ತಲೆ ಮುಟ್ಟಿ ಕೇಳಬೇಕು, ಅದೂ ತಕ್ಷಣ. ತೀರ್ಪು ಹೇಳುವ ಕ್ಯಾಮೆರಾಗಳೂ 2001ರಲ್ಲಿ ಕ್ರಿಕೆಟ್‌ಗೆ ಬಂದ ಅದೇ ಹಾಕ್-ಐ. "ಅಣ್ಣಾ, ಐಪಿಎಲ್ ನೋಡ್ತಾ ಬೆಳೆದವರಿಗೆ ಇದು ಗೊತ್ತಿರೋ ಪ್ರಶ್ನೆ ಅಲ್ವಾ? ರಿವ್ಯೂ ಯಾವಾಗ ಉಳಿಸಬೇಕು, ಯಾವಾಗ ಖರ್ಚು ಮಾಡಬೇಕು?" ಮೈನರ್ ಲೀಗಿನ ಮೇಲಿನ ಹಂತವಾದ ಟ್ರಿಪಲ್-ಎ ಪಂದ್ಯಗಳಲ್ಲಿ ಇದನ್ನು ಆಗಲೇ ಆಡಿಸಿದ್ದರು. ಆ ಡೇಟಾ ಎತ್ತಿಕೊಂಡು, ಕ್ಯಾಚರ್ ಕೇಳಿದ್ದು ಎಷ್ಟು ಸಲ ಸರಿಯಾಯಿತು, ಬ್ಯಾಟರ್ ಕೇಳಿದ್ದು ಎಷ್ಟು ಸಲ ಅಂತ ಬಿಡಿಸಿ ನೋಡುತ್ತಿದ್ದಳು. ಗ್ರಾಫ್ ಕಳಿಸಿದಳು. ಎರಡನೇ ಗ್ರಾಫಿನಲ್ಲಿ ಇನ್ನಿಂಗ್ಸ್‌ನ ಸಾಲು ಒಂದು ಮನೆ ಜರುಗಿತ್ತು, ಒಟ್ಟು ಟ್ಯಾಲಿ ಆಗುತ್ತಿರಲಿಲ್ಲ. ಅದನ್ನು ಹೇಳಿದೆ. ಅವಳು ಆಚೆ ಕಡೆ ಟಕಟಕ ಅಂತ ಸರಿ ಮಾಡುವುದು ಕೇಳಿಸಿತು.

ಆಮೇಲೆ ಎಲ್ಲ ಹೇಳಿದೆ. ಜಾಬ್ ಫೇರ್, ತಿಂಗಳಿಗೆ 800 ಡಾಲರ್, 90 ದಿನ, ಫಾರಂನ ಕೊನೆಯ ಪ್ರಶ್ನೆ, ಜನವರಿಯ ಮೇಲ್. ಅವಳು ನಡುವೆ ಮಾತಾಡಲಿಲ್ಲ. ಕೊನೆಗೆ ಇಷ್ಟು ಹೇಳಿದೆ: ನಿನ್ನ ಗೈಡ್ ಒಪ್ಪಿದರೆ ಥೀಸಿಸ್ ತಗೋ. ಮೇ ತಿಂಗಳಿಗೆ ಮುಗಿಸಬೇಡ, ಡಿಸೆಂಬರ್‌ಗೆ ಮುಗಿಸು. ಆಗ ನಿನ್ನ ಗಡಿಯಾರ ಶುರುವಾಗುವ ಹೊತ್ತಿಗೇ ಅವರು ಜನರನ್ನು ಕರೆಯುತ್ತಿರುತ್ತಾರೆ. ಎರಡೂ ಒಟ್ಟಿಗೆ ಬೀಳುತ್ತದೆ. ಫಾರಂನಲ್ಲಿ ಹೌದು ಅಂತಲೇ ಒತ್ತು, ಸುಳ್ಳು ಬೇಡ. ಸ್ಪಾನ್ಸರ್ ಮಾಡಿದ ಟೀಮುಗಳು ಯಾವುವು ಅಂತ ಮೊದಲೇ ಹುಡುಕಿ ಪಟ್ಟಿ ಮಾಡಿಕೋ, ಅಲ್ಲಿಗೆ ಮೊದಲು ಹಾಕು.

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಮತ್ತೆ ಟಕಟಕ. ಈ ಸಲ ಗ್ರಾಫ್ ಅಲ್ಲ, ಕ್ಯಾಲ್ಕುಲೇಟರ್ ಅಂತ ನನಗೆ ಗೊತ್ತಾಯಿತು.

"ಇನ್ನೊಂದು ಸೆಮಿಸ್ಟರ್ ಅಂದ್ರೆ ಫೀಸು, ಬಾಡಿಗೆ, ಇನ್ಶೂರೆನ್ಸು..." ಅಂದಳು. "ಅಪ್ಪಂಗೆ ಏನಂತ ಹೇಳಲಿ ಅಣ್ಣಾ?"

ಎಷ್ಟಾಗುತ್ತದೆ ಅಂತ ಕೇಳಿದೆ. ಹೇಳಿದಳು. ನಾನೂ ಒಂದು ಪೆನ್ನು, ಒಂದು ಹಾಳೆ ತೆಗೆದುಕೊಂಡು ಕೂತೆ.